ಮಗನ ಮೊದಲ ಸಂಬಳ, ಅವ್ವನ ರೇಷನ್ ಕಾರ್ಡು

ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಪ್ಲೇಸ್‌ಮೆಂಟ್ ಸಮಯ ಬಂತೆಂದರೆ ಎಲ್ಲರ ಬಾಯಲ್ಲೂ ಪ್ಯಾಕೇಜಿನದೇ ಮಾತು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆಯ ನಮ್ಮಂಥವರ ನಡುವೆ ಮಾತ್ರ ಇನ್ನೊಂದು ಪ್ರಶ್ನೆ ಮೆಲುದನಿಯಲ್ಲಿ ಕೇಳಿಬರುತ್ತದೆ: ‘ನನಗೆ ನೌಕರಿ ಸಿಕ್ಕರೆ ಮನೆಯ ಬಿಪಿಎಲ್ ಕಾರ್ಡ್ ರದ್ದಾಗುತ್ತಾ?’

ನಗುವ ಪ್ರಶ್ನೆಯಲ್ಲ ಇದು. ಆ ಕಾರ್ಡಿನ ಹಿಂದೆ ಬರೀ ಅಕ್ಕಿ ಇಲ್ಲ. ‘ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ’ದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಉಚಿತ ಚಿಕಿತ್ಸೆ ಇದೆ. ಎಪಿಎಲ್ ಆದರೆ ವೆಚ್ಚದ ಶೇ 30ರಷ್ಟು ಮಾತ್ರ, ಅದೂ 1.5 ಲಕ್ಷದ ಮಿತಿಯಲ್ಲಿ. ಅಪ್ಪನಿಗೆ ಹೃದಯದ ಕಾಯಿಲೆ ಇರುವ ಮನೆಯಲ್ಲಿ ಮಗನ ಮೊದಲ ಸಂಬಳ ಖುಷಿಯ ಜೊತೆಗೆ ಭಯವನ್ನೂ ತರುತ್ತದೆ.

ಬಡವರನ್ನು ಆದಾಯದಿಂದ ಅಳೆಯುವ ಈ ಪದ್ಧತಿ ಯಾವಾಗಲೂ ಹೀಗೇ ಇರಲಿಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಬೇರೂರಿದ ಪಡಿತರ ವ್ಯವಸ್ಥೆ ಬಹುಕಾಲ ಬಡವ–ಬಲ್ಲಿದ ಎಂದು ಕೇಳುತ್ತಿರಲಿಲ್ಲ. ಹಾವೇರಿ ಪ್ರತ್ಯೇಕ ಜಿಲ್ಲೆಯಾದ 1997ರಲ್ಲೇ, ಜೂನ್ ತಿಂಗಳಲ್ಲಿ, ಕೇಂದ್ರ ಸರ್ಕಾರ ದೇಶದ ಕುಟುಂಬಗಳನ್ನು ಬಿಪಿಎಲ್, ಎಪಿಎಲ್ ಎಂದು ಎರಡು ಪಾಲು ಮಾಡಿತು. 2000ದ ಡಿಸೆಂಬರ್‌ನಲ್ಲಿ ಕಡುಬಡವರಿಗೆಂದು ಅಂತ್ಯೋದಯ ಬಂತು. 2013ರಲ್ಲಿ ರಾಜ್ಯದ ಅನ್ನಭಾಗ್ಯವೂ ಕೇಂದ್ರದ ಆಹಾರ ಭದ್ರತಾ ಕಾಯ್ದೆಯೂ ಬಂದವು. ಪಡಿತರ ಹಕ್ಕಾಯಿತು, ನಿಜ. ಆದರೆ ಆ ಹಕ್ಕಿನ ಬಾಗಿಲಲ್ಲಿ ಆದಾಯದ ಗೆರೆ ಹಾಗೇ ಉಳಿಯಿತು.

ಕರ್ನಾಟಕದಲ್ಲಿ ಆ ಗೆರೆ ಕುಟುಂಬದ ವಾರ್ಷಿಕ 1.20 ಲಕ್ಷ ರೂಪಾಯಿ. ಅಂದರೆ ಇಡೀ ಮನೆಗೆ ತಿಂಗಳಿಗೆ 10 ಸಾವಿರ. ಲೆಕ್ಕ ಹಾಕಿ ನೋಡಿ. 2025–26ರಲ್ಲಿ ನಮ್ಮ ರಾಜ್ಯದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ. ಗಂಡ ಹೆಂಡತಿ ಇಬ್ಬರೂ ಅದೇ ದರದಲ್ಲಿ ವರ್ಷಕ್ಕೆ ತಲಾ 165 ದಿನ ದುಡಿದರೆ 1,22,100 ಆಗುತ್ತದೆ. ಸರ್ಕಾರವೇ ನಿಗದಿ ಮಾಡಿದ ಕೂಲಿ ಅರ್ಧ ವರ್ಷಕ್ಕಿಂತ ಕಡಿಮೆ ಸಿಕ್ಕರೂ ಸರ್ಕಾರದ ಲೆಕ್ಕದಲ್ಲಿ ಅವರು ಬಡವರಲ್ಲ! ಅತ್ತ ಹೊಸ ಪದ್ಧತಿಯಲ್ಲಿ 12 ಲಕ್ಷದ ಆದಾಯದವರೆಗೂ ತೆರಿಗೆ ಇಲ್ಲ ಎಂದು 2025ರ ಬಜೆಟ್ ಹೇಳಿತು. ಕೇಂದ್ರದ ಒಬಿಸಿ ಕೆನೆಪದರದ ಮಿತಿ 1993ರಲ್ಲಿ 1 ಲಕ್ಷವಿದ್ದದ್ದು ಹಂತ ಹಂತವಾಗಿ ಏರಿ 2017ರಲ್ಲಿ 8 ಲಕ್ಷವಾಯಿತು. ಮೇಲಿನವರ ಗೆರೆಗಳು ಕಾಲಕ್ಕೆ ತಕ್ಕಂತೆ ಜರುಗುತ್ತವೆ. ಕೂಲಿಯವರ ಗೆರೆ ಮಾತ್ರ ವರ್ಷಗಳಿಂದ ನಿಂತಲ್ಲೇ ನಿಂತಿದೆ.

ಇನ್ನು ನಮ್ಮ ಭಾಗದ ಆದಾಯವಾದರೂ ಎಂಥದ್ದು? ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಬರುವ ತಿಂಗಳುಗಳಲ್ಲಿ ತೊಟ್ಟು ಬಿಡಿಸುವ ಹೆಣ್ಣುಮಕ್ಕಳಿಗೆ ಕೈತುಂಬ ಕೆಲಸ, ಹಂಗಾಮು ಮುಗಿದರೆ ಖಾಲಿ. ರಾಣೆಬೆನ್ನೂರು ಸುತ್ತಿನ ಬೀಜೋತ್ಪಾದನೆಯ ಹೊಲಗಳಲ್ಲೂ ಕೆಲಸ ಇರುವುದು ಬೆಳೆ ಇರುವಷ್ಟು ದಿನ. ಇಂಥ ಮನೆಯ ವರಮಾನವನ್ನು ಆದಾಯ ಪ್ರಮಾಣ ಪತ್ರದ ಒಂದೇ ಅಂಕಿಯಲ್ಲಿ ಹಿಡಿಯುವುದು ಹೇಗೆ?

ಮಕ್ಕಳ ದುಡಿಮೆಯನ್ನು ತಂದೆ ತಾಯಿಯ ನೆರವಿನಿಂದ ಕಳೆಯುವ ಪದ್ಧತಿ ಬೇರೆ ದೇಶದಲ್ಲೂ ಇತ್ತು. 1931ರಲ್ಲಿ, ಆರ್ಥಿಕ ಕುಸಿತದ ನಡುವೆ, ಬ್ರಿಟನ್ ಸರ್ಕಾರ ದೀರ್ಘಕಾಲ ಕೆಲಸ ಕಳೆದುಕೊಂಡವರಿಗೆ ಕೊಡುವ ಭತ್ಯೆಗೆ ಇಡೀ ಮನೆಯ ಆದಾಯ ಪರೀಕ್ಷೆ ತಂದಿತು. ಅಧಿಕಾರಿಗಳು ಮನೆಗೇ ಬಂದು ವಿಚಾರಿಸುತ್ತಿದ್ದರು. ಮಗಳೋ ಮಗನೋ ದುಡಿಯುತ್ತಿದ್ದರೆ ಅಪ್ಪನ ಭತ್ಯೆ ಕಡಿತವಾಗುತ್ತಿತ್ತು. ಹೆತ್ತವರ ಭತ್ಯೆ ಉಳಿಸಲು ಮನೆ ಬಿಟ್ಟು ಬೇರೆ ಇರಲು ಹೋದ ಮಕ್ಕಳಿದ್ದರು. ಜನರ ಸಿಟ್ಟಿಗೆ ಗುರಿಯಾದ ಆ ನಿಯಮವನ್ನು 1941ರಲ್ಲಿ ಕೈಬಿಡಲಾಯಿತು. ನಮ್ಮಲ್ಲಿ ನೌಕರಿ ಸಿಕ್ಕ ಮಗನ ಹೆಸರನ್ನು ಕಾರ್ಡಿನಿಂದ ತೆಗೆಸಬೇಕೇ ಎಂದು ಮನೆಗಳಲ್ಲಿ ಚರ್ಚೆ ನಡೆಯುವಾಗ ಆ ಇತಿಹಾಸ ದೂರದ್ದು ಎನಿಸುವುದಿಲ್ಲ.

ಹಾಗೆಂದು ಎಲ್ಲರಿಗೂ ಎಲ್ಲವನ್ನೂ ಕೊಡಿ ಎನ್ನುವುದು ಸುಲಭದ ಮಾತು. ಕಾರು, ಬಂಗಲೆ ಇದ್ದವರೂ ಬಿಪಿಎಲ್ ಕಾರ್ಡ್ ಇಟ್ಟುಕೊಂಡಿರುವುದು ಸುಳ್ಳಲ್ಲ, ಅಂಥವರನ್ನು ಕೈಬಿಡಲೇಬೇಕು. ಆದರೆ 2024ರ ನವೆಂಬರ್‌ನಲ್ಲಿ ಕಾರ್ಡುಗಳು ರದ್ದಾಗತೊಡಗಿದಾಗ ಅರ್ಹರಿಗೂ ಪೆಟ್ಟು ಬಿತ್ತು. ಗದ್ದಲವೆದ್ದ ಮೇಲೆ ಸರ್ಕಾರಿ ನೌಕರರು, ತೆರಿಗೆ ಪಾವತಿದಾರರನ್ನು ಬಿಟ್ಟು ಉಳಿದವರ ಕಾರ್ಡ್ ಮರಳಿಸುವುದಾಗಿ ಸರ್ಕಾರ ಹೇಳಬೇಕಾಯಿತು. ಶ್ರೀಮಂತರನ್ನು ಹುಡುಕಿ ಹೊರಗಿಡುವುದು ಒಂದು ಕೆಲಸ, ಬಡವರು ತಾವು ಬಡವರೆಂದು ಪದೇ ಪದೇ ಸಾಬೀತು ಮಾಡುವಂತೆ ಮಾಡುವುದು ಇನ್ನೊಂದು. ಮೊದಲನೆಯದು ಆಗಲಿ, ಎರಡನೆಯದು ನಿಲ್ಲಲಿ.

ಇದಕ್ಕೆ ಮೂರು ಸರಳ ದಾರಿಗಳಿವೆ. ಒಂದು, 1.20 ಲಕ್ಷದ ಮಿತಿಯನ್ನು ಕೂಲಿ ದರದ ಜೊತೆಗೆ ಪ್ರತಿವರ್ಷ ಏರಿಸುವುದು. ಎರಡು, ಮನೆಯಲ್ಲಿ ಮೊದಲ ಬಾರಿ ನೌಕರಿಗೆ ಸೇರಿದವರ ಸಂಬಳವನ್ನು ಎರಡು ವರ್ಷ ಲೆಕ್ಕಕ್ಕೆ ಹಿಡಿಯದಿರುವುದು. ಕೆಲಸ ಸಿಗದ ಪದವೀಧರನಿಗೆ ಯುವನಿಧಿ ಎರಡು ವರ್ಷದವರೆಗೆ ತಿಂಗಳಿಗೆ 3,000 ರೂಪಾಯಿ ಕೊಡುತ್ತದೆ. ಕೆಲಸ ಸಿಕ್ಕವನ ಮನೆಗೂ ಕಾಲೂರಲು ಅಷ್ಟೇ ಸಮಯ ಕೊಟ್ಟರೆ ತಪ್ಪೇನು? ಮೂರು, ನೋಟಿಸ್ ಕೊಟ್ಟು ಅಹವಾಲು ಕೇಳದೆ ಯಾವ ಕಾರ್ಡನ್ನೂ ರದ್ದು ಮಾಡದಿರುವುದು.

ನಾವು ಓದುವ ಭಾಷೆಯಲ್ಲಿ ಹೇಳುವುದಾದರೆ ಇಂದಿನ ವ್ಯವಸ್ಥೆ ಒಂದು ಸ್ವಿಚ್. ಗೆರೆಯ ಒಳಗಿದ್ದರೆ ಎಲ್ಲವೂ ಉಂಟು, ಒಂದು ರೂಪಾಯಿ ದಾಟಿದರೆ ಏನೂ ಇಲ್ಲ. ಆದಾಯ ಮುಚ್ಚಿಡುವುದೇ ಜಾಣತನ ಎಂಬ ಪಾಠವನ್ನು ಅದು ದುಡಿಮೆಯ ಮೊದಲ ತಿಂಗಳಲ್ಲೇ ಕಲಿಸುತ್ತದೆ. ಪ್ರಾಮಾಣಿಕವಾಗಿ ದುಡಿದು ಮೇಲೆ ಬರುವ ಮನೆಗೆ ಬೇಕಿರುವುದು ಮೆಟ್ಟಿಲು. ನೌಕರಿ ಹುಡುಕುತ್ತಿರುವ ನಾವು ನಮ್ಮೂರಿನ ಗ್ರಾಮಸಭೆಯಲ್ಲಿ, ಮತ ಕೇಳಲು ಬರುವವರ ಮುಂದೆ ಈ ಮಾತು ಎತ್ತಬೇಕು. ನೌಕರಿಯ ಪತ್ರ ಮನೆಗೆ ಬಂದ ದಿನ ಅವ್ವ ನಿಶ್ಚಿಂತೆಯಿಂದ ಸಿಹಿ ಹಂಚುವಂತಾಗಲಿ.