ಸರ್ವರ್ ನೀಡುವ ಎಚ್ಚರಿಕೆಯನ್ನು ಓದುವವರು ಯಾರು?

ವರ್ತಕರ ಖಾತೆ ಪುಸ್ತಕಗಳು ಕಪಾಟನ್ನು ಬಿಟ್ಟು ಸರ್ವರ್ ಸೇರಿ ಬಹಳ ಕಾಲವಾಯಿತು. ದಾಸ್ತಾನು, ಗಿರಾಕಿಗಳ ಬಾಕಿ, ಜಿಎಸ್‌ಟಿ ಬಿಲ್ಲುಗಳು ಎಲ್ಲವೂ ಇಂದು ಡೇಟಾಬೇಸಿನಲ್ಲಿವೆ. ತನ್ನಲ್ಲಿ ದೋಷ ಕಂಡುಬಂದಾಗ ಆ ಡೇಟಾಬೇಸ್ ಎಚ್ಚರಿಕೆಯನ್ನೂ ನೀಡುತ್ತದೆ. ಅದು ಯಾರಿಗೆ ತಲಪುತ್ತಿದೆ ಎಂದು ಕೇಳಿದರೆ ಮಾಲೀಕರಲ್ಲಿ ಅನೇಕರು ಸಾಫ್ಟ್‌ವೇರ್ ಒದಗಿಸಿದವರತ್ತ ಬೆರಳು ತೋರಿಸುತ್ತಾರೆ. ಈ ಉತ್ತರ ಸಾಲದು.

ವ್ಯಾಪಾರ ಸಂಸ್ಥೆಗಳಲ್ಲಿ ಸಾಮಾನ್ಯವಾಗಿ ಕಾಣುವ ಮೈಕ್ರೋಸಾಫ್ಟ್ ಎಸ್‌ಕ್ಯೂಎಲ್ ಸರ್ವರನ್ನೇ ತೆಗೆದುಕೊಳ್ಳೋಣ. ಅದು ತನ್ನ ಸಂದೇಶಗಳ ತೀವ್ರತೆಗೆ 0ಯಿಂದ 25ರವರೆಗೆ ಅಂಕ ನೀಡುತ್ತದೆ. 17 ಮತ್ತು ಅದಕ್ಕೆ ಮೇಲ್ಪಟ್ಟವುಗಳಿಗೆ ಇಮೇಲ್ ಬರುವಂತೆ ಏರ್ಪಡಿಸಿ ನಿಶ್ಚಿಂತರಾಗುವವರುಂಟು. ಆದರೆ 825 ಎಂಬ ಸಂಖ್ಯೆಯ ಸಂದೇಶದ ತೀವ್ರತೆ ಕೇವಲ 10. ಡಿಸ್ಕಿನಲ್ಲಿರುವ ದತ್ತಾಂಶವನ್ನು ಓದುವ ಮೊದಲ ಯತ್ನ ವಿಫಲವಾಯಿತು, ಮರುಯತ್ನದಲ್ಲಿ ಓದಲು ಸಾಧ್ಯವಾಯಿತು ಎಂದಷ್ಟೇ ಅದರ ಅರ್ಥ. ಬಿಲ್ಲು ಎಂದಿನಂತೆ ಮುದ್ರಣವಾಗುವುದರಿಂದ ಅಂಗಡಿಯಲ್ಲಿ ಯಾರಿಗೂ ಏನೂ ತಿಳಿಯುವುದಿಲ್ಲ. ಮರುಯತ್ನಗಳೂ ಸೋತಾಗ ಬರುವುದು 823 ಅಥವಾ 824. ಅವುಗಳ ತೀವ್ರತೆ 24. ಆ ವೇಳೆಗೆ ಡಿಸ್ಕ್ ಬದಲಿಸಿ ಪಾರಾಗುವ ಅವಕಾಶ ಕೈತಪ್ಪಿರಬಹುದು. ಆದುದರಿಂದ 825ಕ್ಕೆ ಪ್ರತ್ಯೇಕ ಎಚ್ಚರಿಕೆ ಇರಲೇಬೇಕು. ತೀವ್ರತೆಯ ಅಂಕ ಯಂತ್ರದ ಲೆಕ್ಕ. ವ್ಯಾಪಾರಕ್ಕೆ ಯಾವುದು ಮುಖ್ಯ ಎಂಬುದನ್ನು ನಿರ್ಧರಿಸಬೇಕಾದವರು ನಾವು.

ಅತಿಯಾದ ಎಚ್ಚರಿಕೆಯೂ ಅಷ್ಟೇ ಹಾನಿಕರ. ಪ್ರತಿರಾತ್ರಿ ‘ಬ್ಯಾಕಪ್ ಯಶಸ್ವಿ’ ಎಂಬ ಇಮೇಲ್ ಬಂದರೆ ಹದಿನೈದನೆಯ ದಿನದಿಂದ ಅದನ್ನು ತೆರೆಯುವವರಿಲ್ಲ. ಒಂದು ರಾತ್ರಿ ಅದು ಬಾರದಿದ್ದರೆ ಗಮನಿಸುವವರು ಇನ್ನೂ ಕಡಿಮೆ. ಬ್ಯಾಕಪ್ ನಡೆಯದ ದಿನ ಮಾತ್ರ ಸಂದೇಶ ಬರುವಂತೆ ಮಾಡುವುದೇ ಲೇಸು. ಮೂರು ತಿಂಗಳಿಗೊಮ್ಮೆ ಪಟ್ಟಿಯನ್ನು ಮುಂದಿಟ್ಟುಕೊಂಡು, ಯಾರೂ ಯಾವ ಕ್ರಮವನ್ನೂ ಕೈಗೊಳ್ಳದ ಎಚ್ಚರಿಕೆಗಳನ್ನು ತೆಗೆದುಹಾಕಬೇಕು.

ಸಣ್ಣ ವರ್ತಕರ ಸಮಸ್ಯೆಯೇ ಬೇರೆ. ಅವರಲ್ಲಿ ಹಲವರ ಬಿಲ್ಲಿಂಗ್ ತಂತ್ರಾಂಶ ಉಚಿತವಾದ ಎಕ್ಸ್‌ಪ್ರೆಸ್ ಆವೃತ್ತಿಯ ಮೇಲೆ ನಡೆಯುತ್ತದೆ. ಎಚ್ಚರಿಕೆ ಕಳುಹಿಸುವ ‘ಏಜೆಂಟ್’ ಸೌಲಭ್ಯವೇ ಅದರಲ್ಲಿಲ್ಲ. 2022ರ ಎಕ್ಸ್‌ಪ್ರೆಸ್‌ನಲ್ಲಿಯೂ ಒಂದು ಡೇಟಾಬೇಸಿನ ಮಿತಿ 10 ಜಿಬಿ. ಮಿತಿ ತುಂಬಿದೊಡನೆ ಹೊಸ ನಮೂದುಗಳಿಗೆ ಸ್ಥಳವಿಲ್ಲದೆ ಬಿಲ್ಲಿಂಗ್ ನಿಲ್ಲುತ್ತದೆ. ಅದು ಹಬ್ಬದ ಮುನ್ನಾದಿನವೂ ಆಗಬಹುದು. ಡೇಟಾಬೇಸಿನ ಗಾತ್ರವನ್ನು ವಾರಕ್ಕೊಮ್ಮೆ ನೋಡಿ ಬರೆದಿಡುವ ಕೆಲಸವನ್ನು ಗುಮಾಸ್ತರೊಬ್ಬರಿಗೆ ವಹಿಸಿದರೆ ಇದನ್ನು ತಪ್ಪಿಸಬಹುದು.

ಜಿಎಸ್‌ಟಿ ಕಾನೂನಿನ ಪ್ರಕಾರ, ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನಾಂಕದಿಂದ 72 ತಿಂಗಳವರೆಗೆ ಲೆಕ್ಕಪತ್ರಗಳನ್ನು ಕಾಪಾಡುವ ಹೊಣೆ ನೋಂದಾಯಿತ ವರ್ತಕರದು, ಸಾಫ್ಟ್‌ವೇರ್ ಮಾರಿದವರದಲ್ಲ. ವಾರ್ಷಿಕ ನಿರ್ವಹಣಾ ಒಪ್ಪಂದವನ್ನು ನವೀಕರಿಸುವಾಗ ಎಚ್ಚರಿಕೆಗಳು ಯಾವುವು, ಯಾರ ವಿಳಾಸಕ್ಕೆ ಬರುತ್ತವೆ, ಎಷ್ಟು ಗಂಟೆಯೊಳಗೆ ಉತ್ತರಿಸಬೇಕು ಎಂಬುದನ್ನು ಲಿಖಿತವಾಗಿ ಪಡೆಯುವುದು ಒಳಿತು. ಸಂಸ್ಥೆಯನ್ನು ಬಿಟ್ಟುಹೋದ ನೌಕರನ ಇಮೇಲ್ ವಿಳಾಸ ಇನ್ನೂ ಆ ಪಟ್ಟಿಯಲ್ಲಿದೆಯೇ ಎಂಬುದನ್ನು ಮಾತ್ರ ಅಲ್ಲಿಯವರೆಗೆ ಕಾಯದೆ ಈ ವಾರವೇ ನೋಡಬಹುದು.