ಅಂಚೆಯ ಉಗ್ರಾಣ ತುಂಬಿದಾಗ



ವಿದ್ಯಾಸಂಸ್ಥೆಯೊಂದರ ಕಚೇರಿಯನ್ನು ನೋಡಿಕೊಳ್ಳುವ ಸಹೋದರಿಯೊಬ್ಬರು ಈ ಅಂಕಣಕ್ಕೆ ಪ್ರಶ್ನೆಯೊಂದನ್ನು ಕಳುಹಿಸಿದ್ದಾರೆ. ಅವರ ಸಂಸ್ಥೆಯ ಇಮೇಲ್ ಸರ್ವರ್ ಸಂಸ್ಥೆಯ ಕಟ್ಟಡದಲ್ಲಿಯೇ ಇದ್ದು, ಅದರ ಡಿಸ್ಕು ತುಂಬುತ್ತ ಬಂದಿದೆ. ಹತ್ತು ವರ್ಷಕ್ಕಿಂತ ಹಳೆಯ ಪತ್ರಗಳನ್ನೆಲ್ಲ ಅಳಿಸಿಬಿಡಬೇಕೆಂಬ ಸಲಹೆ ಆಡಳಿತ ಮಂಡಳಿಯ ಮುಂದಿದೆ. ಪ್ರಸಾದನಿಲಯದಲ್ಲಿದ್ದು ಓದಿ ಹೋದ ವಿದ್ಯಾರ್ಥಿಗಳು ಬರೆದವು, ದಾಸೋಹಕ್ಕೆ ಧಾನ್ಯ ಕೊಟ್ಟವರ ವಿವರಗಳು, ಈಗ ಲಿಂಗೈಕ್ಯರಾಗಿರುವ ಹಿರಿಯರ ಸಲಹೆಗಳು, ಎಲ್ಲವೂ ಅದರಲ್ಲಿವೆ. ಅಳಿಸದೆ ಉಳಿಸಿಕೊಳ್ಳುವ ಉಪಾಯವುಂಟೆ ಎಂಬುದು ಅವರ ಪ್ರಶ್ನೆ.

ಉಂಟು. ಪತ್ರಗಳನ್ನು ಅಡಕಗೊಳಿಸಿ ಇಡಬಹುದು. ಅಡಕವೆಂದರೆ ಸಾರಾಂಶವೆಂದು ಹಲವರು ಭ್ರಮಿಸುತ್ತಾರೆ, ಅದು ಹಾಗಲ್ಲ. ಭಜನೆಯ ಪುಸ್ತಕಗಳಲ್ಲಿ ಪಲ್ಲವಿಯನ್ನು ಒಮ್ಮೆ ಪೂರ್ತಿಯಾಗಿ ಅಚ್ಚುಮಾಡಿ, ಮುಂದಿನ ನುಡಿಗಳ ಕೊನೆಗೆ ॥ಪ॥ ಎಂದಷ್ಟೇ ಹಾಕಿರುತ್ತಾರೆ. ಹಾಡುವವರು ಒಂದಕ್ಷರವನ್ನೂ ಬಿಡದೆ ಪಲ್ಲವಿಯನ್ನು ಹಾಡುತ್ತಾರಲ್ಲವೆ? 1977ರಲ್ಲಿ ಇಸ್ರೇಲಿನ ಜೇಕಬ್ ಜಿವ್ ಮತ್ತು ಅಬ್ರಹಾಂ ಲೆಂಪೆಲ್ ಎಂಬ ವಿದ್ವಾಂಸರು ಪ್ರಕಟಿಸಿದ ಕ್ರಮದ ತಿರುಳು ಇದೇ. ಒಮ್ಮೆ ಬಂದ ಮಾತು ಮತ್ತೆ ಬಂದರೆ ಅದನ್ನು ಪುನಃ ಬರೆಯದೆ, ಎಷ್ಟು ಹಿಂದೆ ಹೋಗಿ ಎಷ್ಟು ಅಕ್ಷರ ತೆಗೆದುಕೊಳ್ಳಬೇಕೆಂಬ ಗುರುತನ್ನು ಮಾತ್ರ ಇಡುವುದು. ತೆರೆದಾಗ ಮೂಲಪತ್ರವು ಯಥಾವತ್ತಾಗಿ ದೊರೆಯುತ್ತದೆ. ಆ ವಿದ್ವಾಂಸರಿಬ್ಬರೂ 2023ರಲ್ಲಿ ತೀರಿಕೊಂಡರು.

ಸಹೋದರಿಯ ಸಂಸ್ಥೆಯಲ್ಲಿರುವುದು ಡವ್‌ಕಾಟ್ ಎಂಬ ತಂತ್ರಾಂಶ. ಫಿನ್ಲೆಂಡಿನ ಟಿಮೊ ಸಿರೈನೆನ್ ರಚಿಸಿದ ಇದು 2002ರಲ್ಲಿ ಮೊದಲು ಹೊರಬಂದಿತು. ಇದರ 2.3ನೆಯ ಆವೃತ್ತಿಯವರೆಗೆ ಅಡಕದ ಕಾರ್ಯಕ್ಕೆ 'ಜಡ್‌ಲಿಬ್' ಎಂಬ ಉಪಾಂಗವಿತ್ತು. 2025ರಲ್ಲಿ ಬಂದ 2.4ರಲ್ಲಿ ಅದಕ್ಕೆ 'ಮೇಲ್ ಕಂಪ್ರೆಸ್' ಎಂದು ಹೆಸರಾಯಿತು. ಹಳೆಯ ಸಾಲುಗಳನ್ನು ಹಾಗೆಯೇ ನಕಲು ಮಾಡಿದರೆ ಹೊಸ ಆವೃತ್ತಿ ಒಪ್ಪದು. ಬಂದ ಪತ್ರವನ್ನು ಒಳಗಿಡುವ ಭಾಗಕ್ಕೂ, ಓದುವವರಿಗೆ ತೆಗೆದುಕೊಡುವ ಐಮ್ಯಾಪ್, ಪಾಪ್ ಭಾಗಗಳಿಗೂ ಈ ಉಪಾಂಗವನ್ನು ಜೋಡಿಸಬೇಕು. ಇಡುವವನು ಮಾತ್ರ ಬಲ್ಲನಾಗಿ ತೆಗೆಯುವವನು ಅರಿಯದಿದ್ದರೆ, ತೆರೆದವರ ಕಣ್ಣಿಗೆ ಬೀಳುವುದು ಅರ್ಥವಿಲ್ಲದ ಚಿಹ್ನೆಗಳ ರಾಶಿ. ಕ್ರಮಗಳಲ್ಲಿ 1992ರಿಂದ ಬಳಕೆಯಲ್ಲಿರುವ ಜಿಜಿಪ್ ಸಾಕಾಗುತ್ತದೆ. 2016ರಲ್ಲಿ ಬಿಡುಗಡೆಯಾದ ಜಡ್‌ಸ್ಟ್ಯಾಂಡರ್ಡ್ ಅದಕ್ಕಿಂತ ಚುರುಕಾದುದು. ಅಡಕದ ಮಟ್ಟವನ್ನು ತುತ್ತತುದಿಗೆ ಏರಿಸುವ ಆಸೆ ಬೇಡ. ಹೆಚ್ಚಾಗಿ ಉಳಿಯುವ ಜಾಗ ಅಲ್ಪ, ಯಂತ್ರದ ಶ್ರಮ ಬಹಳ.

ಕನ್ನಡ ಪತ್ರಗಳ ವಿಷಯದಲ್ಲಿ ಒಂದು ವಿಶೇಷವುಂಟು. ಯುಟಿಎಫ್-8 ಎಂಬ ಸಂಕೇತಕ್ರಮದಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ 1 ಬೈಟು ಸಾಕು. ಕನ್ನಡದ ಪ್ರತಿಯೊಂದು ಸಂಕೇತಕ್ಕೆ 3 ಬೇಕು. 'ಶರಣ' ಎಂದು ಬರೆದರೆ 9 ಬೈಟು. ಅಂಚೆಯ ದಾರಿಯಲ್ಲಿ ಕೆಡದಿರಲೆಂದು ಅದನ್ನು ಅನೇಕ ವೇಳೆ ಬೇಸ್64 ಎಂಬ ಇನ್ನೊಂದು ರೂಪಕ್ಕೆ ತಿರುಗಿಸುತ್ತಾರೆ. ಅಲ್ಲಿ ಪ್ರತಿ 3 ಬೈಟು 4 ಆಗುವುದರಿಂದ ಒಂಬತ್ತು ಹನ್ನೆರಡಾಗುತ್ತದೆ. ಪದಗಳ ನಡುವಿನ ತೆರವು 1 ಬೈಟಿನದಾದ ಕಾರಣ ಮೂರರ ಲೆಕ್ಕ ಕದಲಿ, ಒಂದೇ ಪದವು ಒಂದೇ ಪತ್ರದಲ್ಲಿ ಮೂರು ವೇಷಗಳಲ್ಲಿ ಕಾಣಿಸಿಕೊಳ್ಳಬಹುದು. ಮರುಕಳಿಕೆಯನ್ನು ಅರಸುವ ಯಂತ್ರಕ್ಕೆ ಆಗ ಗುರುತು ಸಿಗುವುದು ಕಷ್ಟ. ಆದರೂ ಬೇಸ್64ರ ಉಬ್ಬಾದರೂ ಇಳಿಯುತ್ತದೆ. ಲಗತ್ತಿಸಿದ ಛಾಯಾಚಿತ್ರಗಳ ಗತಿಯೂ ಇದೇ: ಅವು ಮೊದಲೇ ಅಡಕಗೊಂಡವು, ಅಲ್ಲಿ ಮರಳಿ ಸಿಗುವುದು ಹೆಚ್ಚೆಂದರೆ ಕಾಲುಭಾಗ. (ದಿನಬೆಳಗಾದರೆ ಬರುವ ಶುಭೋದಯದ ಚಿತ್ರಗಳನ್ನು ಅಳಿಸಲು ಮಂಡಳಿಯ ಒಪ್ಪಿಗೆ ಬೇಕಿಲ್ಲವೆಂದು ನನ್ನ ಅಭಿಪ್ರಾಯ.)

ಒಂದೊಂದು ಪತ್ರವನ್ನು ಒಂದೊಂದು ಕಡತವಾಗಿಡುವ ಮೇಲ್‌ಡಿರ್ ಪದ್ಧತಿಯಲ್ಲಿ ಇನ್ನೊಂದು ತೊಡಕಿದೆ. ಡಿಸ್ಕು ಸಾಮಾನ್ಯವಾಗಿ 4,096 ಬೈಟುಗಳ ಖಾನೆಗಳಲ್ಲಿ ಜಾಗ ಕೊಡುತ್ತದೆ. 3,000 ಬೈಟಿನ ಪತ್ರ ಅರ್ಧಕ್ಕಿಳಿದರೂ ಒಂದು ಖಾನೆಯನ್ನು ಹಿಡಿದೇ ಹಿಡಿಯುತ್ತದೆ. ಹಲವು ಪತ್ರಗಳನ್ನು ಒಂದೇ ಕಡತದಲ್ಲಿ ಸೇರಿಸುವ ಎಂಡಿಬಾಕ್ಸ್ ಪದ್ಧತಿಯಲ್ಲಿ ಈ ನಷ್ಟವಿಲ್ಲ.

ಎಲ್ಲಕ್ಕಿಂತ ಮುಖ್ಯವಾದುದು ಇದು. ಇಂದು ಈ ವ್ಯವಸ್ಥೆ ಮಾಡಿದರೆ ಅಡಕವಾಗುವುದು ಇಂದಿನಿಂದ ಬರುವ ಪತ್ರಗಳು ಮಾತ್ರ. ಹಳೆಯವು ಇದ್ದಂತೆಯೇ ಇರುತ್ತವೆ. ಅವುಗಳನ್ನು ಡವ್‌ಕಾಟಿನದೇ ಸಾಧನದಿಂದ ಹೊಸ ಉಗ್ರಾಣಕ್ಕೆ ವರ್ಗಾಯಿಸಬೇಕು, ಆಗ ಇಡುವಾಗಲೇ ಅಡಕವಾಗುತ್ತವೆ. ಸ್ವಲ್ಪ ಕಾಲ ಎರಡು ಪ್ರತಿಗಳಿಗೂ ಜಾಗ ಬೇಕಾಗುವುದರಿಂದ ಇನ್ನೊಂದು ಡಿಸ್ಕನ್ನು ತರಿಸಲೇಬೇಕು. ವರ್ಗಾವಣೆಯ ನಂತರ ಪತ್ರಗಳ ಎಣಿಕೆ ಹೊಂದಿಸಿ, ಕೆಲವನ್ನು ತೆರೆದು ಓದಿ ನೋಡುವವರೆಗೆ ಹಳೆಯ ಉಗ್ರಾಣವನ್ನು ಮುಟ್ಟಬಾರದು. ಆಮೇಲೆ ಆ ಡಿಸ್ಕನ್ನೇ ಕಾಪುಪ್ರತಿಗೆ ಉಪಯೋಗಿಸಬಹುದು, ಏಕೆಂದರೆ ಅಡಕಗೊಂಡ ಕಡತದಲ್ಲಿ ಒಂದೆಡೆ ಕೆಟ್ಟರೆ ಮುಂದಿನದೂ ಓದಲು ಬಾರದೆ ಹೋಗಬಹುದು.

ಮಂಡಳಿಯ ಸಭೆಗೆ ಮೊದಲು ಆ ಸಹೋದರಿ ಒಂದು ಕೆಲಸ ಮಾಡಲಿ. ಪ್ರಸಾದನಿಲಯದ ಒಂದು ಪೆಟ್ಟಿಗೆಯ ಪ್ರತಿಯನ್ನು ಹೀಗೆ ವರ್ಗಾಯಿಸಿ, ಮೊದಲಿನ ಮತ್ತು ಆಮೇಲಿನ ಗಾತ್ರಗಳನ್ನು ಒಂದು ಹಾಳೆಯಲ್ಲಿ ಬರೆದು ಅಧ್ಯಕ್ಷರ ಮುಂದಿಡಲಿ. ಜೊತೆಗೆ ಆ ಪೆಟ್ಟಿಗೆಯ ಹಳೆಯ ಪತ್ರವೊಂದನ್ನು ಸಭೆಯಲ್ಲಿ ಓದಿಸಲಿ.