ತುತ್ತು ಯಾರ ಪಾಲಿಗೆ?

ಕಷ್ಟವು ಮನುಷ್ಯರನ್ನು ಕೂಡಿಸುತ್ತದೆಯೋ ಅಗಲಿಸುತ್ತದೆಯೋ ಎಂಬುದು ಪುರಾತನವಾದ ಪ್ರಶ್ನೆ. ಬರಗಾಲದಲ್ಲಿ ಒಂದೇ ಹಗೇವಿನ ಜೋಳವನ್ನು ಹಂಚಿ ಉಂಡು ಉಳಿದ ಮನೆತನಗಳುಂಟು. ಅಂತಹುದೇ ಹಗೇವಿನ ಬಾಯಲ್ಲಿ ಜಗಳವಾಡಿ ಬೇರೆಯಾದ ಮನೆತನಗಳೂ ಉಂಟು. ಈ ಪ್ರಶ್ನೆಯನ್ನು ಇಂದು ನಮ್ಮ ಮಕ್ಕಳ ಮುಂದಿರಿಸುತ್ತಿರುವುದು ಹಿರಿಯರು ಅಷ್ಟಾಗಿ ಗಮನಿಸದ ಒಂದು ವಸ್ತು: ವಿಡಿಯೋ ಆಟ. ಒಬ್ಬರನ್ನೊಬ್ಬರು ಸೋಲಿಸುವ ಆಟಗಳ ಮಾತು ಬೇರೆ. ಕಲ್ಪಿತ ಲೋಕವೊಂದರಲ್ಲಿ ನಾಲ್ವರು ಜೊತೆಗೂಡಿ ರಾಕ್ಷಸರನ್ನು ಎದುರಿಸುವ ಆಟಗಳ ವಿಚಾರವನ್ನಷ್ಟೇ ಇಲ್ಲಿ ಎತ್ತಿಕೊಂಡಿದ್ದೇವೆ.

ಇಂಥ ಆಟಗಳಿಗೆ ಮೇಲ್ಪಂಕ್ತಿಯಾದದ್ದು 'ಗಾಂಟ್ಲೆಟ್'. ಅಮೆರಿಕದ ಅಟಾರಿ ಗೇಮ್ಸ್ ಸಂಸ್ಥೆ ಇದನ್ನು 1985ರಲ್ಲಿ ಹೊರತಂದಿತು. ರೂಪಿಸಿದವರು ಎಡ್ ಲಾಗ್. ಜಾಕ್ ಪಲೆವಿಚ್ ಅವರು 1983ರಲ್ಲಿ ಮನೆಯ ಕಂಪ್ಯೂಟರಿಗಾಗಿ ರಚಿಸಿದ್ದ 'ಡ್ಯಾಂಡಿ' ಎಂಬ ಆಟ ಇದಕ್ಕೆ ಪ್ರೇರಣೆ. ಗಾಂಟ್ಲೆಟ್ ನಾಣ್ಯ ಹಾಕಿ ಆಡುವ ದೊಡ್ಡ ಪೆಟ್ಟಿಗೆ. ಅದರ ಮುಂದೆ ಏಕಕಾಲಕ್ಕೆ ನಾಲ್ವರು ನಿಂತು ಆಡಬಹುದಾಗಿತ್ತು. ಒಬ್ಬ ಯೋಧ, ಒಬ್ಬಳು ವೀರಾಂಗನೆ, ಒಬ್ಬ ಮಾಂತ್ರಿಕ, ಇನ್ನೊಬ್ಬ 'ಎಲ್ಫ್' ಎಂಬ ಕಿನ್ನರ. ಯೋಧನಿಗೆ ತೋಳ್ಬಲ, ವೀರಾಂಗನೆಗೆ ಗಟ್ಟಿ ಕವಚ, ಮಾಂತ್ರಿಕನಿಗೆ ಮಂತ್ರಶಕ್ತಿ, ಕಿನ್ನರನಿಗೆ ವೇಗ. ಒಬ್ಬನಲ್ಲಿ ಹೇರಳವಾಗಿರುವುದು ಮತ್ತೊಬ್ಬನಲ್ಲಿ ಅಷ್ಟಿಲ್ಲ. ಆಯುಧಕ್ಕೆ ಅಳಿಯದ 'ಮೃತ್ಯು'ವೊಂದು ಎದುರಾದಾಗ ಅದನ್ನು ನಿವಾರಿಸಲು ಮಂತ್ರದ್ರವವೇ ಬೇಕು.

ಆಟದ ಕಾಠಿಣ್ಯವು ಎಲ್ಲಿದೆಯೆಂಬುದನ್ನು ಗಮನಿಸಬೇಕು. ಆಟಗಾರನ ಆಯುಷ್ಯವನ್ನು ಅಂಕಿಯಲ್ಲಿ ತೋರಿಸುತ್ತಾರೆ. ಶತ್ರುವಿನ ಪೆಟ್ಟು ಬೀಳದೆ ಸುಮ್ಮನೆ ನಿಂತರೂ ಆ ಅಂಕಿ ಕ್ಷಣಕ್ಷಣಕ್ಕೆ ಇಳಿಯುತ್ತಲೇ ಇರುತ್ತದೆ. ಪಿಶಾಚಿಗಳನ್ನು ಕೊಂದಷ್ಟೂ ಅವುಗಳ ಉತ್ಪತ್ತಿಸ್ಥಾನದಿಂದ ಹೊಸವು ಹೊರಡುತ್ತವೆ; ಆ ಮೂಲವನ್ನೇ ಕೆಡವಬೇಕು. ನಾಲ್ವರೂ ಒಂದೇ ಪರದೆಯ ಮೇಲೆ ಇರಬೇಕಾದುದರಿಂದ ಹಿಂದುಳಿದವನನ್ನು ದೂರ ಬಿಟ್ಟು ಮುಂದಿನವನು ಓಡಲಾರ. ದಾರಿಯಲ್ಲಿ ಅಲ್ಲಲ್ಲಿ ಅನ್ನವಿರುತ್ತದೆ. ಉಂಡವನಿಗೆ 100 ಅಂಕಿಯಷ್ಟು ಆಯುಷ್ಯ ಕೂಡುತ್ತದೆ. ಆದರೆ ಒಬ್ಬನು ಉಂಡದ್ದು ಇನ್ನೊಬ್ಬನಿಗಿಲ್ಲ. ಇದಕ್ಕಿಂತ ಮಿಗಿಲಾದ ಸಂಗತಿಯೆಂದರೆ, ಶತ್ರುವಿಗೆಂದು ಎಸೆದ ಆಯುಧವು ಗುರಿ ತಪ್ಪಿ ಬಿದ್ದರೆ ಆ ಅನ್ನ ನಾಶವಾಗಿಬಿಡಬಹುದು. ಕೈಗೆ ಬಂದ ತುತ್ತು ಬಾಯಿಗೆ ಬಾರದಂತೆ ಮಾಡಿದವನು ಶತ್ರುವಲ್ಲ, ಜೊತೆಗಾರನೇ!

ಹೀಗೆ ನೋಡಿದಾಗ ಈ ಆಟದಲ್ಲಿ ಎರಡು ಬಗೆಯ ಕಷ್ಟಗಳಿವೆ. ಒಂದು, ಶತ್ರುವಿನಿಂದ ಬರುವುದು. ಅದಕ್ಕೆ ಕೈಚಳಕ ಸಾಕು. ಇನ್ನೊಂದು, ಜೊತೆಗಾರರಿಂದ ಬರುವುದು; ಅದಕ್ಕೆ ಸಂಯಮ ಬೇಕು. ಹತ್ತು ಜನರ ಹುಲ್ಲುಕಡ್ಡಿ ಒಬ್ಬನಿಗೆ ಹೊರೆ ಎಂಬ ಗಾದೆಯನ್ನು ನಾವೆಲ್ಲ ಬಲ್ಲೆವು. ಆದರೆ ಹತ್ತು ಜನರು ಕೂಡಿದಾಗ ಹತ್ತು ಕೈಗಳು ಒಂದಕ್ಕೊಂದು ತಾಗುವುದೂ ಉಂಟೆಂಬುದನ್ನು ಗಾದೆ ಹೇಳುವುದಿಲ್ಲ.

ಈ ಎರಡನೆಯ ಕಷ್ಟವನ್ನೇ ಆಟದ ತಿರುಳಾಗಿಸಿದವರು ಸ್ವೀಡನ್ನಿನ ಆ್ಯರೋಹೆಡ್ ಗೇಮ್ ಸ್ಟುಡಿಯೋಸ್‌ನವರು. 2011ರಲ್ಲಿ ಅವರು ರಚಿಸಿದ 'ಮ್ಯಾಜಿಕಾ'ದಲ್ಲಿ ನಾಲ್ವರವರೆಗೆ ಕೂಡಿ ಆಡಬಹುದು, ಎಲ್ಲರೂ ಮಾಂತ್ರಿಕರೇ. ನೀರು, ಬೆಂಕಿ, ಶೀತ, ಮಿಂಚು, ಜೀವ ಮೊದಲಾದ ಎಂಟು ತತ್ತ್ವಗಳನ್ನು ಬೆರೆಸಿ ಮಂತ್ರ ಹೂಡಬೇಕು. ಹೂಡಿದ ಬೆಂಕಿಗೆ ಶತ್ರು ಮಿತ್ರರೆಂಬ ಭೇದವಿಲ್ಲ. ಅಡ್ಡ ಬಂದ ಗೆಳೆಯನೂ ಬೇಯುತ್ತಾನೆ. ಮೈ ಒದ್ದೆಯಾಗಿರುವಾಗ ಮಿಂಚನ್ನು ಕರೆದರೆ ಕರೆದವನಿಗೇ ಆಘಾತ. ಅದೇ ಮಿಂಚನ್ನು ಜೀವತತ್ತ್ವದೊಡನೆ ಬೆರೆಸಿದರೆ ಬಿದ್ದ ಗೆಳೆಯನು ಎದ್ದು ನಿಲ್ಲುತ್ತಾನೆ. ಕೊಲ್ಲುವ ಶಕ್ತಿಯೂ ಎಬ್ಬಿಸುವ ಶಕ್ತಿಯೂ ಒಂದೇ ಕೈಯಲ್ಲಿರುವಾಗ ಯಾವುದನ್ನು ಯಾವಾಗ ಬಳಸಬೇಕೆಂಬ ವಿವೇಕವೇ ಗೆಲುವಿಗೆ ಆಧಾರ. ಇದೇ ಸಂಸ್ಥೆಯವರು 2014ರಲ್ಲಿ ಗಾಂಟ್ಲೆಟ್ಟನ್ನು ಹೊಸದಾಗಿ ರೂಪಿಸಿದ್ದು ಆಕಸ್ಮಿಕವೆನಿಸದು.

ಇವೆಲ್ಲ ಸದ್ಗುಣದ ಪಾಠಶಾಲೆಗಳೆಂದು ನಾವು ಸಾರುತ್ತಿಲ್ಲ. ಕಾಠಿಣ್ಯದ ಹಿಂದೆ ವ್ಯಾಪಾರವೂ ಇದೆ. ಹಳೆಯ ಗಾಂಟ್ಲೆಟ್‌ನಲ್ಲಿ ಆಯುಷ್ಯ ಮುಗಿಯುತ್ತಾ ಬಂದಾಗ ಇನ್ನೊಂದು ನಾಣ್ಯ ಹಾಕಿದರೆ ಆಯುಷ್ಯ ಹೆಚ್ಚುತ್ತಿತ್ತು. ಆ ಆಟಕ್ಕೆ ಮುಕ್ತಾಯವೆಂಬುದೇ ಇರಲಿಲ್ಲ. ಹಣ ತೆತ್ತು ಬಲ ಕೊಳ್ಳುವ ಆಟಗಳು ಇಂದಿಗೂ ಇವೆ. ನಾಣ್ಯವುಳ್ಳವನಿಗೆ ಸಂಯಮದ ಅಗತ್ಯವೇ ಬೀಳದಿದ್ದರೆ ಅವನು ಕಲಿಯುವುದೇನು? ಆಟವು ಗುಣವನ್ನು ತಾನಾಗಿ ಕಲಿಸುವುದಿಲ್ಲ. ಇರುವ ಗುಣವನ್ನು ಬಯಲಿಗಿಡುತ್ತದೆ. ಬಯಲಾದುದನ್ನು ತಿದ್ದುವ ಕಾರ್ಯ ಹಿರಿಯರದು.

ಆದುದರಿಂದ ಅಣ್ಣತಮ್ಮಂದಿರು, ಅಕ್ಕತಂಗಿಯರು ಕೂಡಿ ಇಂಥ ಆಟವಾಡುವಾಗ ತಂದೆತಾಯಿಗಳು ದೂರದಿಂದ ಗದರದೆ ಅರ್ಧ ತಾಸು ಪಕ್ಕದಲ್ಲಿ ಕುಳಿತು ನೋಡಬೇಕು. ಎಷ್ಟು ರಾಕ್ಷಸರನ್ನು ಕೊಂದೆ ಎಂದು ಕೇಳುವುದು ಬೇಡ. ಯಾರ ಆಯುಷ್ಯ ಕಡಿಮೆಯಾಗಿತ್ತು, ಅನ್ನವನ್ನು ಯಾರಿಗೆ ಬಿಟ್ಟುಕೊಟ್ಟಿರಿ, ಬಿದ್ದವನನ್ನು ಎಬ್ಬಿಸಲು ಯಾರು ಹಿಂತಿರುಗಿದರು ಎಂದು ಕೇಳಿರಿ. ತಪ್ಪು ನಡೆದಾಗ ಒಬ್ಬನನ್ನು ಮೂವರು ಜರೆಯುತ್ತಾರೋ, ಕೂಡಿ ಉಪಾಯ ಹುಡುಕುತ್ತಾರೋ ಎಂಬುದನ್ನು ಗಮನಿಸಿರಿ. ಚಿಕ್ಕವನಿಗೆ ಸದಾ ಸೋಲಿನ ಪಾತ್ರವೇ ಬರುತ್ತಿದ್ದರೆ ಅದನ್ನು ಅಲ್ಲಿಯೇ ಸರಿಪಡಿಸಿರಿ.

ಗಾಂಟ್ಲೆಟ್ ಪೆಟ್ಟಿಗೆಗೆ ಇನ್ನೊಂದು ವಿಶೇಷವಿತ್ತು: ಅದು ಮಾತನಾಡುತ್ತಿತ್ತು. ಮಾಂತ್ರಿಕನಿಗೆ ಅನ್ನ ಬೇಕಾಗಿದೆ, ಯೋಧನ ಪ್ರಾಣ ಕುಂದುತ್ತಿದೆ ಎಂದು ನಾಲ್ವರಿಗೂ ಕೇಳುವಂತೆ ಸಾರುತ್ತಿತ್ತು. ಒಬ್ಬನ ಕೊರತೆ ಎಲ್ಲರಿಗೂ ತಿಳಿಯುತ್ತಿದ್ದುದರಿಂದಲೇ ಹಂಚಿ ಉಣ್ಣುವ ಯೋಚನೆ ಸಾಧ್ಯವಾಗುತ್ತಿತ್ತು. ಮನೆಯಲ್ಲಿ ಅಂಥ ಧ್ವನಿಯಿಲ್ಲ. ಎಲ್ಲರಿಗೂ ಬಡಿಸಿ ಕಡೆಗೆ ಉಣ್ಣುವ ತಾಯಿ ತನ್ನ ಆಯಾಸವನ್ನು ಹೇಳಿಕೊಳ್ಳುವುದಿಲ್ಲ. ಔಷಧಿ ತೀರಿದೆಯೆಂದು ಅಜ್ಜ ಕೂಗುವುದಿಲ್ಲ. ಪರದೆಯ ಮೇಲೆ ಗೆಳೆಯನ ಅಂಕಿ ಇಳಿಯುವುದನ್ನು ನೋಡಿ ತುತ್ತು ಬಿಟ್ಟುಕೊಡಲು ಕಲಿತ ಮಗುವಿಗೆ, ಅಂಕಿ ಕಾಣದ ಕಡೆಯಲ್ಲೂ ಹಾಗೆಯೇ ನೋಡುವ ಕಣ್ಣನ್ನು ಕೊಡಬೇಕಾದವರು ನಾವು. ಆಟ ಮುಗಿಸಿ ಎದ್ದ ಮಕ್ಕಳಿಗೆ, ಈ ಹೊತ್ತು ಮನೆಯಲ್ಲಿ ಯಾರು ಇನ್ನೂ ಊಟ ಮಾಡಿಲ್ಲವೆಂದು ನೋಡಿಬರಲು ಹೇಳಿರಿ.